ಚಿನ್ನದ ನ್ಯಾನೋ ಕೋಟಿಂಗ್ ಇದ್ರೆ ಸೋಲಾರ್ ಪ್ಯಾನೆಲ್ ಡಬಲ್ ಕರೆಂಟ್ ಕೊಡುತ್ತಾ?

ಪ್ರಶ್ನೆ (ರೈತರು, ಮದ್ದೂರು ತಾಲ್ಲೂಕು): ನಮಸ್ಕಾರ ಮೇಡಂ. ಬೋರ್‌ವೆಲ್ ಮೋಟಾರಿಗೆ ಸೋಲಾರ್ ಹಾಕಿಸ್ಬೇಕು ಅಂತಿದೀವಿ. ಏಜೆಂಟ್ ಒಬ್ರು ಬಂದು, ‘ನಮ್ಮ ಪ್ಯಾನೆಲ್‌ಗೆ ಚಿನ್ನದ ನ್ಯಾನೋ ಕೋಟಿಂಗ್ ಇದೆ, ಪ್ಲಾಸ್ಮಾನ್, ಹಾಟ್ ಎಲೆಕ್ಟ್ರಾನ್ ಟೆಕ್ನಾಲಜಿ, ಅದೇ ಅಳತೆಲಿ ಡಬಲ್ ಕರೆಂಟ್’ ಅಂತಾರೆ. ರೇಟೂ ಜಾಸ್ತಿ. ತಗೋಬಹುದಾ?

ಉತ್ತರ (ಭೌತಶಾಸ್ತ್ರ ಅಧ್ಯಾಪಕಿ, ಮೈಸೂರು): ತಗೋಬೇಡಿ. ಆದ್ರೆ ಅವರು ಹೆಸರು ಹೇಳೋ ವಿಜ್ಞಾನ ಸುಳ್ಳಲ್ಲ, ಅದನ್ನ ಹೇಳಲೇಬೇಕು.

ಸಾಮಾನ್ಯ ಪ್ಯಾನೆಲ್ ಮಾಡೋ ಸಿಲಿಕಾನ್‌ನಲ್ಲಿ ಎಲೆಕ್ಟ್ರಾನ್ ಬಿಡಿಸಿಕೊಳ್ಳೋಕೆ 1.1 ಎಲೆಕ್ಟ್ರಾನ್ ವೋಲ್ಟ್ (ಇಂಥ ಪುಟ್ಟ ಕಣಗಳ ಶಕ್ತಿ ಅಳೆಯೋ ಮಾನ) ಶಕ್ತಿ ಸಾಕು. ನೀಲಿ ಬೆಳಕಿನ ಒಂದು ಕಣದಲ್ಲಿ 2.7ರಷ್ಟಿರುತ್ತೆ. ಮಿಕ್ಕಿದ್ದನ್ನ ಹೊತ್ತ ಎಲೆಕ್ಟ್ರಾನೇ ಹಾಟ್ ಎಲೆಕ್ಟ್ರಾನ್. ಆಲೆಮನೇಲಿ ಪಾಕ ಅಚ್ಚಿಗೆ ಹುಯ್ಯೋದು ತಡ ಆದ್ರೆ ಕೊಪ್ಪರಿಗೇಲೇ ಗಟ್ಟಿಯಾಗುತ್ತಲ್ಲ, ಇದೂ ಹಾಗೇ: ಸೆಕೆಂಡಿನ ಲಕ್ಷ ಕೋಟಿಯಲ್ಲೊಂದು ಭಾಗದೊಳಗೆ ಆ ಹೆಚ್ಚುವರಿ ಶಕ್ತಿ ಬರೀ ಶಾಖವಾಗಿ ಹೋಗುತ್ತೆ. ಅದಕ್ಕೂ ಮೊದಲೇ ಹೊರಗೆಳೆದ್ರೆ ದಕ್ಷತೆ, ಅಂದ್ರೆ ಬಿದ್ದ ಬಿಸಿಲಲ್ಲಿ ಕರೆಂಟ್ ಆಗೋ ಪಾಲು, ಸಿದ್ಧಾಂತದಲ್ಲಿ ಸುಮಾರು 66 ಪರ್ಸೆಂಟ್ ಮುಟ್ಟಬಹುದು ಅಂತ 1982ರಲ್ಲೇ ರಾಸ್ ಮತ್ತು ನೋಜಿಕ್ ಅನ್ನೋ ವಿಜ್ಞಾನಿಗಳು ಲೆಕ್ಕ ಹಾಕಿದ್ರು. ಎಷ್ಟು ಚೆಂದದ ಲೆಕ್ಕ ಅದು!

ಚಿನ್ನ, ಬೆಳ್ಳಿಯ ನ್ಯಾನೋ ಕಣಕ್ಕೆ ಬೆಳಕು ಬಿದ್ದಾಗ ಅದರ ಎಲೆಕ್ಟ್ರಾನ್‌ಗಳೆಲ್ಲ ಒಟ್ಟಿಗೆ ಓಲಾಡುತ್ತವೆ, ಅದೇ ಪ್ಲಾಸ್ಮಾನ್. ಅದು ಅಡಗುವಾಗ ಹಾಟ್ ಎಲೆಕ್ಟ್ರಾನ್ ಹುಟ್ಟುತ್ತೆ, ಪಕ್ಕದಲ್ಲಿ ಟೈಟಾನಿಯಂ ಡೈಆಕ್ಸೈಡ್ ಅನ್ನೋ ಅರೆವಾಹಕದ ಪದರ ಇದ್ರೆ ಅದಕ್ಕೆ ಹಾರಬಹುದು. ಆದ್ರೆ ಬಹುಪಾಲು ಎಲೆಕ್ಟ್ರಾನ್ ಅಂಚು ಮುಟ್ಟೋ ಮೊದಲೇ ಚಿನ್ನದೊಳಗೇ ತಣ್ಣಗಾಗುತ್ತೆ. ಲ್ಯಾಬ್‌ನವರು ಇನ್ನೂ ಒದ್ದಾಡ್ತಿರೋದು ಇಲ್ಲೇ.

ಈಗ ಏಜೆಂಟರ ಮಾತು. ಎರಡು ಚದರ ಮೀಟರ್ ಪ್ಯಾನೆಲ್ ಮೇಲೆ ಒಳ್ಳೇ ಬಿಸಿಲಲ್ಲಿ 2000 ವ್ಯಾಟ್ ಬೀಳುತ್ತೆ. ಸಾಮಾನ್ಯ ಪ್ಯಾನೆಲ್ ಅದ್ರಲ್ಲಿ 440 ವ್ಯಾಟ್ ಕೊಡುತ್ತೆ, ಅಂದ್ರೆ 22 ಪರ್ಸೆಂಟ್. ಡಬಲ್ ಅಂದ್ರೆ 44. ಹಾಟ್ ಎಲೆಕ್ಟ್ರಾನ್ ಹೊರಗೆಳೆಯದ ಮಾಮೂಲಿ ಸಿಲಿಕಾನ್‌ನ ಮಿತಿಯೇ ಸುಮಾರು 29! ಪ್ಯಾನೆಲ್ ಹಿಂದಿನ ಲೇಬಲ್‌ನಲ್ಲಿ ವ್ಯಾಟ್ ಎಷ್ಟಿದೆ, ಉದ್ದ ಅಗಲ ಎಷ್ಟಿದೆ ನೋಡಿ; ಉದ್ದ ಅಗಲ ಗುಣಿಸಿ ಬಂದ ಚದರ ಮೀಟರಿಗೆ 1000 ವ್ಯಾಟ್‌ನಂತೆ ಬಿಸಿಲು ಲೆಕ್ಕ ಹಾಕಿ, ಲೇಬಲ್‌ನ ವ್ಯಾಟನ್ನ ಅದರಿಂದ ನೀವೇ ಭಾಗಿಸಿ.

ಪ್ರಶ್ನೆ: ಥ್ಯಾಂಕ್ಸ್ ಮೇಡಂ. ಹಾಟ್ ಅಂದ್ರಲ್ಲ, ಹಂಗಾದ್ರೆ ಪ್ಯಾನೆಲ್ ಕಾದಷ್ಟೂ ಒಳ್ಳೇದಾ?

ಉತ್ತರ: ಇಲ್ಲ, ಉಲ್ಟಾ. ಪ್ಯಾನೆಲ್ 25 ಡಿಗ್ರಿ ದಾಟಿದ ಮೇಲೆ ಒಂದೊಂದು ಡಿಗ್ರಿಗೂ 0.3ರಿಂದ 0.4 ಪರ್ಸೆಂಟ್ ಕರೆಂಟ್ ಕಮ್ಮಿಯಾಗುತ್ತೆ. ಏಪ್ರಿಲ್ ಬಿಸಿಲಿಗೆ ಪ್ಯಾನೆಲ್ 60 ಡಿಗ್ರಿ ಮುಟ್ಟಿದ್ರೆ ಹತ್ತು ಪರ್ಸೆಂಟ್‌ಗೂ ಮೇಲೆ ಹೋಯ್ತು. ಶೀಟಿಗೆ ಅಂಟಿಸ್ಬೇಡಿ, ಕೆಳಗೆ ಗಾಳಿ ಆಡೋ ಹಾಗೆ ಸ್ಟ್ಯಾಂಡ್ ಎತ್ತರಿಸಿ. ಆ ಕೋಟಿಂಗಿನ ದುಡ್ಡು ಇದಕ್ಕೆ ಹಾಕಿ.