ರೇಡಿಯೇಷನ್‌ನಿಂದ ಕಾಯಿಲೆ ಬಂದಿಲ್ಲ ಅಂದಮೇಲೂ ಭಯ ಯಾಕೆ? ಮನೋವೈದ್ಯರಿಗೆ ಪ್ರಶ್ನೆಗಳು

ಪ್ರಶ್ನೆ: ನಮಸ್ಕಾರ ಮೇಡಂ. ಜಪಾನಿನ ಫುಕುಶಿಮಾದಲ್ಲಿ ಅಣುಸ್ಥಾವರದ ಅಪಘಾತ ಆಯ್ತಲ್ಲ, ಅಲ್ಲಿನ ಊರಿನವರಿಗೆ ರೇಡಿಯೇಷನ್‌ನಿಂದಲೇ ಕಾಯಿಲೆ ಬಂತು ಅನ್ನೋದಕ್ಕೆ ಪುರಾವೆ ಸಿಕ್ಕಿಲ್ಲ ಅಂತ ವಿಶ್ವಸಂಸ್ಥೆಯ ವಿಜ್ಞಾನಿಗಳ ಸಮಿತಿಯೇ ಹೇಳಿದೆಯಂತೆ. ಹಾಗಿದ್ದರೆ ಇಷ್ಟು ವರ್ಷ ಆದಮೇಲೂ ಅಲ್ಲಿ ಖಿನ್ನತೆ, ಭಯ ಅಂತ ಯಾಕೆ ಒದ್ದಾಡುತ್ತಿದ್ದಾರೆ? ಸುಮ್ನೆ ಭ್ರಮೆನಾ? ತಪ್ಪು ತಿಳಿಯಬೇಡಿ, ನಿಜಕ್ಕೂ ಅರ್ಥವಾಗದೆ ಕೇಳುತ್ತಿದ್ದೇನೆ.

ಉತ್ತರ: ಭ್ರಮೆ ಖಂಡಿತ ಅಲ್ಲ. ನೀವು ಓದಿದ್ದು ಸರಿಯೇ, ಆದರೆ ಆ ವರದಿ ಮಾತಾಡುವುದು ರೇಡಿಯೇಷನ್ ಮಾಡಿದ ಹಾನಿಯ ಬಗ್ಗೆ. ಅಪಘಾತ ಮಾಡಿದ ಹಾನಿಯ ಲೆಕ್ಕ ಬೇರೆಯೇ ಇದೆ.

2011ರ ಮಾರ್ಚ್ 11ರಂದು ಭೂಕಂಪ, ಸುನಾಮಿ. ಅದರ ಬೆನ್ನಿಗೇ ಸ್ಥಾವರ ಕೈಕೊಟ್ಟಿತು. ಒಂದೂವರೆ ಲಕ್ಷಕ್ಕೂ ಜಾಸ್ತಿ ಜನ ಮನೆ ಬಿಟ್ಟರು. ಹತ್ತಿರದ ಒಂದು ಆಸ್ಪತ್ರೆಯಲ್ಲಿ ಹಾಸಿಗೆ ಹಿಡಿದಿದ್ದ ಮುದುಕರನ್ನು ಬಸ್ಸಿಗೆ ಹತ್ತಿಸಿ ಗಂಟೆಗಟ್ಟಲೆ ಸುತ್ತಿಸಿದರು. ಆ ಗಡಿಬಿಡಿಯಲ್ಲೇ 40ಕ್ಕೂ ಹೆಚ್ಚು ರೋಗಿಗಳು ತೀರಿಕೊಂಡರು. ಸ್ಥಳಾಂತರದ ಆಯಾಸ, ನಿಂತುಹೋದ ಚಿಕಿತ್ಸೆ, ಆತ್ಮಹತ್ಯೆ ಎಲ್ಲ ಸೇರಿ ಫುಕುಶಿಮಾ ಪ್ರಾಂತ್ಯ ಒಂದರಲ್ಲೇ ‘ದುರಂತಕ್ಕೆ ಸಂಬಂಧಿಸಿದ ಸಾವು’ ಅಂತ ದಾಖಲಾದವರು 2,300ಕ್ಕೂ ಜಾಸ್ತಿ. ಆ ಪ್ರಾಂತ್ಯದಲ್ಲಿ ಭೂಕಂಪ, ಸುನಾಮಿಗೆ ನೇರವಾಗಿ ಸತ್ತವರೂ ಇಷ್ಟಿಲ್ಲ.

ಬದುಕಿದವರ ಕಥೆ ಕೇಳಿ. ಸ್ಥಳಾಂತರವಾದ ಊರುಗಳ ದೊಡ್ಡವರಿಗೆ ಅಲ್ಲಿನ ವೈದ್ಯಕೀಯ ವಿಶ್ವವಿದ್ಯಾಲಯ ಆರು ಪ್ರಶ್ನೆಗಳ ಒಂದು ಪಟ್ಟಿ ಕಳಿಸಿತು. ನಿದ್ದೆಗೆಟ್ಟ ನಮ್ಮಂಥವರಿಗೂ ಅರ್ಥವಾಗುವ ಪ್ರಶ್ನೆಗಳು: ಯಾವುದರಲ್ಲೂ ಆಸೆಯೇ ಇಲ್ಲ ಅನಿಸುತ್ತದಾ, ಚಡಪಡಿಕೆ ಇದೆಯಾ, ಹೀಗೆ. ಮೊದಲ ಸುತ್ತಿನಲ್ಲೇ ಶೇ. 14.6ರಷ್ಟು ಜನರ ಅಂಕ ತೀವ್ರ ಸಂಕಟದ ಗೆರೆ ದಾಟಿತ್ತು. ಜಪಾನಿನಲ್ಲಿ ಮಾಮೂಲಿ ದಿನಗಳಲ್ಲಿ ಇದು ಶೇ. 3ರ ಆಸುಪಾಸು. ಆಮೇಲೆ ವರ್ಷವರ್ಷಕ್ಕೆ ಇಳಿದಿದೆ, ಆದರೆ ನಿಧಾನ.

ಆಗಿನ ಒಬ್ಬ ತಾಯಿಯ ಜಾಗದಲ್ಲಿ ನಿಂತು ನೋಡಿ. ಮಗುವಿನ ಕತ್ತಿನಲ್ಲಿ ರೇಡಿಯೇಷನ್ ಅಳೆಯುವ ಬ್ಯಾಡ್ಜ್. ಪಾರ್ಕಿನಲ್ಲಿ ಗಂಟೆಗೆ ಎಷ್ಟು ಮೈಕ್ರೋಸೀವರ್ಟ್ (ರೇಡಿಯೇಷನ್ ಪ್ರಮಾಣದ ಅಳತೆ) ಅಂತ ತೋರಿಸುವ ಕಂಬ. ಬಟ್ಟೆ ಹೊರಗೆ ಒಣಗಿಸಬೇಕಾ ಬೇಡವಾ ಅಂತ ದಿನಾ ಯೋಚನೆ. ಅಷ್ಟರಲ್ಲಿ ಮಗುವಿನ ಥೈರಾಯ್ಡ್ ಸ್ಕ್ಯಾನ್ ಫಲಿತಾಂಶ ಅಂಚೆಯಲ್ಲಿ ಬರುತ್ತದೆ: ‘ಎ2’. ಚಿಕ್ಕ ಗಂಟೋ ನೀರುಗುಳ್ಳೆಯೋ ಇದೆ, ಸದ್ಯಕ್ಕೆ ಹೆಚ್ಚಿನ ತಪಾಸಣೆ ಬೇಕಿಲ್ಲ ಅಂತ ಅದರ ಅರ್ಥ. ಆದರೆ ಎದುರು ಕೂತು ವಿವರಿಸುವವರು ಯಾರೂ ಇಲ್ಲ. ಅವಳಿಗೆ ಕಾಣುವುದು ‘ಗಂಟು’ ಅನ್ನೋ ಮಾತೊಂದೇ. ಆಮೇಲೆ ಸ್ಥಾವರದಿಂದ ದೂರದ ಅಓಮೋರಿ, ಯಮನಾಶಿ, ನಾಗಾಸಾಕಿಯ ಮಕ್ಕಳನ್ನೂ ಹೀಗೇ ಸ್ಕ್ಯಾನ್ ಮಾಡಿದರು. ಅಲ್ಲೂ ಅರ್ಧಕ್ಕಿಂತ ಜಾಸ್ತಿ ಮಕ್ಕಳಿಗೆ ಎ2! ಈ ಹೋಲಿಕೆಯನ್ನು ಮೊದಲೇ ಮಾಡಿಟ್ಟುಕೊಂಡಿದ್ದರೆ ಎಷ್ಟೋ ತಾಯಂದಿರು ನೆಮ್ಮದಿಯಾಗಿ ಮಲಗುತ್ತಿದ್ದರು ಅಂತ ನನಗೆ ಅನಿಸುತ್ತದೆ.

ಪ್ರಶ್ನೆ: ಅಂದ್ರೆ ವಿಜ್ಞಾನ ಸರಿಯಾಗಿ ತಿಳಿಸಿ ಹೇಳಿದರೆ ಭಯ ಹೋಗುತ್ತದೆ, ಅಲ್ವಾ?

ಉತ್ತರ: ಅದು ಯಾರು ಹೇಳುತ್ತಿದ್ದಾರೆ ಅನ್ನೋದರ ಮೇಲೆ ನಿಂತಿದೆ. ಆಗಿನ ಸೋವಿಯತ್ ಒಕ್ಕೂಟದ ಚೆರ್ನೋಬಿಲ್ ಅಣುಸ್ಥಾವರ ನೋಡಿ. 1986ರ ಏಪ್ರಿಲ್ 26ರ ನಡುರಾತ್ರಿ ರಿಯಾಕ್ಟರ್ ಸಿಡಿಯಿತು. ಪಕ್ಕದ ಪ್ರಿಪ್ಯಾತ್ ಊರಿನಲ್ಲಿ ಸುಮಾರು 49,000 ಜನ. ಅವತ್ತು ಮಕ್ಕಳು ಬೀದಿಯಲ್ಲಿ ಆಡುತ್ತಿದ್ದರು, ಯಾರೂ ಏನೂ ಹೇಳಲಿಲ್ಲ. ಮರುದಿನ ಮಧ್ಯಾಹ್ನ ಬಸ್ಸು ಬಂತು, ಮೂರು ದಿನದ ಮಟ್ಟಿಗೆ ಹೊರಡಿ ಅಂದರು. ವಾಪಸ್ ಹೋಗಲಿಕ್ಕೆ ಆಗಲೇ ಇಲ್ಲ. ಹೀಗೆ ಮುಚ್ಚಿಟ್ಟ ಸರ್ಕಾರವೇ ಆಮೇಲೆ, ನಿಮಗೆ ಇರೋದು ‘ರೇಡಿಯೋಫೋಬಿಯಾ’ (ರೇಡಿಯೇಷನ್ ಬಗ್ಗೆ ಅತಿಯಾದ ಭಯ) ಅಷ್ಟೇ ಅಂದರೆ ಯಾರು ನಂಬುತ್ತಾರೆ? ಮೇಲಾಗಿ ಅಲ್ಲಿ ಭಯಕ್ಕೆ ಕಾರಣವೂ ಇತ್ತು. ಸ್ಥಾವರದಿಂದ ಹೊರಬಿದ್ದ ವಿಕಿರಣಶೀಲ ಅಯೋಡಿನ್-131 ಸೇರಿದ ಹಾಲು ಕುಡಿದ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ನಿಜಕ್ಕೂ ಜಾಸ್ತಿಯಾಯಿತು.

ಆದರೂ 2005ರಲ್ಲಿ ವಿಶ್ವಸಂಸ್ಥೆಯ ಸಂಸ್ಥೆಗಳೆಲ್ಲ ಕೂತು ಲೆಕ್ಕ ಹಾಕಿದಾಗ, ಆ ಅಪಘಾತ ತಂದಿಟ್ಟ ಅತಿ ದೊಡ್ಡ ಸಾರ್ವಜನಿಕ ಆರೋಗ್ಯ ಸಮಸ್ಯೆ ಮಾನಸಿಕ ಆರೋಗ್ಯದ್ದೇ ಅಂದವು. ಜಾಸ್ತಿ ನರಳಿದವರು ಚಿಕ್ಕ ಮಕ್ಕಳ ತಾಯಂದಿರು ಮತ್ತು ಅಪಘಾತದ ಜಾಗದ ಸ್ವಚ್ಛತಾ ಕೆಲಸಕ್ಕೆ ಹೋದ ಗಂಡಸರು. ಆ ಕೆಲಸಕ್ಕೆ ಎಸ್ಟೋನಿಯಾದಿಂದ ಹೋಗಿದ್ದ ಸುಮಾರು 4,800 ಜನರನ್ನು ಸಂಶೋಧಕರು ವರ್ಷಗಟ್ಟಲೆ ಗಮನಿಸಿದರು. ಒಟ್ಟು ಸಾವಿನ ಪ್ರಮಾಣ ಬೇರೆ ಗಂಡಸರಿಗಿಂತ ಜಾಸ್ತಿ ಇರಲಿಲ್ಲ. ಆತ್ಮಹತ್ಯೆ ಜಾಸ್ತಿ ಇತ್ತು. ನನ್ನ ಮಟ್ಟಿಗೆ ಇದಕ್ಕಿಂತ ದೊಡ್ಡ ಪುರಾವೆ ಬೇಡ.

ಪ್ರಶ್ನೆ: ಮೇಡಂ, ನನ್ನ ತಮ್ಮ ಟೋಕಿಯೋದಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಅವನ ಟೀಮಿನ ಹುಡುಗಿಯೊಬ್ಬಳು ಫುಕುಶಿಮಾದವಳು, ಊರಿನ ಮಾತು ಬಂದರೆ ಎದ್ದು ಹೋಗುತ್ತಾಳಂತೆ. ಇವನಿಗೆ ಹೇಗೆ ನಡೆದುಕೊಳ್ಳಬೇಕು ಗೊತ್ತಾಗುತ್ತಿಲ್ಲ.

ಉತ್ತರ: ಎದ್ದು ಹೋಗುವುದಕ್ಕೆ ಕಾರಣ ಇರುತ್ತದಮ್ಮ. ಯೋಕೊಹಾಮಾದ ಶಾಲೆಯಲ್ಲಿ ಫುಕುಶಿಮಾದಿಂದ ಬಂದ ಹುಡುಗನನ್ನು ಉಳಿದ ಮಕ್ಕಳು ‘ರೋಗಾಣು’ ಅಂತ ಕರೆದು, ನಿಮಗೆ ಪರಿಹಾರ ಸಿಕ್ಕಿದೆಯಲ್ಲ ಅಂತ ದುಡ್ಡು ಕಿತ್ತ ವಿಷಯ 2016ರಲ್ಲಿ ಹೊರಗೆ ಬಂತು. ಹೆಣ್ಣುಮಕ್ಕಳಿಗೆ ಮದುವೆ, ಮಕ್ಕಳು ಅನ್ನೋ ಚಿಂತೆ ಬೇರೆ. ಹಿರೋಶಿಮಾ, ನಾಗಾಸಾಕಿಯಲ್ಲಿ ಬಾಂಬಿನಿಂದ ಬದುಕಿದವರಿಗೂ ಸಂಬಂಧ ಕೂಡುವುದು ಕಷ್ಟವಾಗಿತ್ತು, ಆದರೆ ಅವರ ಮಕ್ಕಳನ್ನು ದಶಕಗಟ್ಟಲೆ ಪರೀಕ್ಷಿಸಿದರೂ ವಂಶಪಾರಂಪರ್ಯ ದೋಷ ಹೆಚ್ಚಾಗಿದ್ದು ಕಂಡುಬಂದಿಲ್ಲ. ನಿಮ್ಮ ತಮ್ಮನಿಗೆ ಹೇಳಿ: ‘ಅಲ್ಲಿ ಈಗ ಸೇಫಾ?’ ಅಂತ ಕೇಳೋದು ಬೇಡ, ಅಯ್ಯೋ ಪಾಪ ಅನ್ನೋದಂತೂ ಬೇಡವೇ ಬೇಡ. ಆ ಕಡೆಯ ಪೀಚ್ ಹಣ್ಣು ಹೆಸರುವಾಸಿ, ಸೋಮಾದ ಕುದುರೆ ಹಬ್ಬವೂ ಹಾಗೇ. ಮಾತು ಶುರು ಮಾಡೋಕೆ ಅಷ್ಟು ಸಾಕು. ಉಳಿದದ್ದು ಅವಳಿಗೆ ಬೇಕು ಅನಿಸಿದಾಗ ಅವಳೇ ಹೇಳಲಿ.

ಪ್ರಶ್ನೆ: ನಮ್ಮದು ಕಾರವಾರ ಕಡೆ. ಕೈಗಾ ಅಣುಸ್ಥಾವರದ ಹತ್ತಿರ ಇರೋ ನಾವು ಇದರಿಂದ ಏನು ತಿಳ್ಕೋಬೇಕು? ಹೆದರಿಸಬೇಡಿ ಮತ್ತೆ!

ಉತ್ತರ: ಹೆದರಿಸುವುದಿಲ್ಲ. ಹೆದರಿಕೆ ಬೇಡ, ಪ್ರಶ್ನೆ ಬೇಕು. ನಿಮ್ಮ ಕಡೆ ತುರ್ತು ಅಣಕು ಅಭ್ಯಾಸ ನಡೆದಾಗ ಹೋಗಿ ಕೇಳಿ. ಸುದ್ದಿ ನಮಗೆ ಯಾರು ಹೇಳುತ್ತಾರೆ, ಎಷ್ಟು ಹೊತ್ತಿನಲ್ಲಿ? ಥೈರಾಯ್ಡ್ ಕಾಪಾಡುವ ಅಯೋಡಿನ್ ಮಾತ್ರೆ ಯಾರ ಹತ್ತಿರ ಇರುತ್ತದೆ? ನಮ್ಮೂರಿನವರನ್ನೆಲ್ಲ ಒಂದೇ ಕಡೆ ಇಡುತ್ತೀರಾ, ಚದುರಿಸುತ್ತೀರಾ? ಹಾಸಿಗೆ ಹಿಡಿದ ಅಜ್ಜಿಯನ್ನು ಯಾವ ಗಾಡಿಯಲ್ಲಿ, ಯಾವ ಆಸ್ಪತ್ರೆಗೆ, ಯಾರ ಜೊತೆ ಕಳಿಸುತ್ತೀರಿ? ಇದಕ್ಕೆಲ್ಲ ಉತ್ತರ ಸಿಗುವ ತನಕ ಬಿಡಬೇಡಿ.