352ನೇ ಪದಾತಿ ಡಿವಿಷನ್: ಒಂದೇ ಸಂಖ್ಯೆ, ಎರಡು ಪಡೆಗಳೇ?

ಪ್ರಶ್ನೆ: 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿಯ ಒಮಾಹಾ ಕಡಲತೀರದಲ್ಲಿ ಅಮೆರಿಕನ್ನರನ್ನು ಎದುರಿಸಿದ ಜರ್ಮನಿಯ 352ನೇ ಪದಾತಿ ಡಿವಿಷನ್ ನಾರ್ಮಂಡಿಯಲ್ಲಿಯೇ ನಾಶವಾಗಿದ್ದರೆ, ಡಿಸೆಂಬರಿನಲ್ಲಿ ಬೆಲ್ಜಿಯಂ-ಲಕ್ಸೆಂಬರ್ಗ್ ಭಾಗದಲ್ಲಿ ನಡೆದ ಆರ್ಡೆನ್ ಕದನದಲ್ಲಿ ಅದೇ ಸಂಖ್ಯೆ ಕಾಣಿಸುವುದು ಹೇಗೆ?

ಉತ್ತರ 1: ಅವು ಬೇರೆ ಬೇರೆ ಪಡೆಗಳು. ಮೊದಲನೆಯದು 1943ರ ಕೊನೆಯಲ್ಲಿ ಸೇಂಟ್ ಲೋ ಪ್ರದೇಶದಲ್ಲಿ, ಪೂರ್ವ ರಣರಂಗದಲ್ಲಿ ಜರ್ಜರಿತವಾಗಿದ್ದ 321ನೇ ಡಿವಿಷನ್ನಿನ ಅನುಭವಿ ಸೈನಿಕರೊಂದಿಗೆ ಹದಿಹರೆಯದ ಹೊಸಬರನ್ನು ಸೇರಿಸಿ ರಚಿತವಾಯಿತು. ಅದರ ಮುಖ್ಯಸ್ಥರಾಗಿದ್ದ ಜನರಲ್ ಡೀಟ್ರಿಖ್ ಕ್ರೈಸ್ ಗಾಯಗೊಂಡು 1944ರ ಆಗಸ್ಟ್‌ನಲ್ಲಿ ಮೃತಪಟ್ಟರು.

ಉತ್ತರ 2: ಸೆಪ್ಟೆಂಬರಿನಲ್ಲಿ ಆ ಸಂಖ್ಯೆಯನ್ನು ಹೊಸ ಫೋಲ್ಕ್ಸ್‌ಗ್ರೆನಡಿಯರ್ (ಯುದ್ಧದ ಕೊನೆಯ ಹಂತದಲ್ಲಿ ಜರ್ಮನಿ ತರಾತುರಿಯಲ್ಲಿ ಕಟ್ಟಿದ ಪದಾತಿ ಪಡೆ) ಡಿವಿಷನ್ನಿಗೆ ನೀಡಲಾಯಿತು; ನೌಕಾಪಡೆ, ವಾಯುಪಡೆಗಳಿಂದ ವರ್ಗವಾಗಿ ಬಂದ, ಪದಾತಿ ಯುದ್ಧದ ತರಬೇತಿ ಸಾಲದವರೇ ಅದರಲ್ಲಿ ಹೆಚ್ಚಾಗಿದ್ದರು.

ಉತ್ತರ 3: ಒಮಾಹಾದಲ್ಲಿ 352ನೆಯದು ಒಂಟಿಯಾಗಿರಲಿಲ್ಲ ಎಂಬುದನ್ನು ಮರೆಯಬಾರದು. 716ನೇ ಡಿವಿಷನ್ನಿನ 726ನೇ ರೆಜಿಮೆಂಟಿನ ಸೈನಿಕರೂ ಅಲ್ಲಿದ್ದರು. ಮೀಸಲು ಪಡೆಯಾಗಿದ್ದ, 352ನೆಯದಕ್ಕೇ ಸೇರಿದ 915ನೇ ರೆಜಿಮೆಂಟನ್ನು ಶತ್ರು ಪ್ಯಾರಾಚೂಟ್ ಸೈನಿಕರು ಇಳಿದ ಸುದ್ದಿ ಕೇಳಿ ರಾತ್ರಿಯೇ ಪಶ್ಚಿಮಕ್ಕೆ ಕಳುಹಿಸಿದ್ದು, ನನ್ನ ದೃಷ್ಟಿಯಲ್ಲಿ, ಅಂದಿನ ಅತ್ಯಂತ ದುಬಾರಿ ನಿರ್ಧಾರ.