ಮೂಳೆಮಜ್ಜೆ ಗಟ್ಟಿಯಾದರೆ ರಕ್ತಕೋಶಕ್ಕೆ ತಿಳಿಯುತ್ತದಾ?

ಹಾಸನದ ಮಗಳು: ಅಮ್ಮನಿಗೆ ಮೈಲೋಫೈಬ್ರೋಸಿಸ್ ಎಂಬ ಮಜ್ಜೆಯ ಕಾಯಿಲೆ. ಮಜ್ಜೆ ತೆಗೆಯಲು ಸೊಂಟದ ಮೂಳೆಗೆ ಸೂಜಿ ಹಾಕಿದರೆ ಏನೂ ಬರಲಿಲ್ಲ. ಕೊನೆಗೆ ಮೂಳೆಯ ಚೂರನ್ನೇ ತೆಗೆದರು. ಒಳಗೆ ನಾರು ತುಂಬಿ ಗಟ್ಟಿಯಾಗಿದೆ ಎಂದರು ಡಾಕ್ಟರ್. ಸುತ್ತಲಿನ ಜಾಗ ಮೆತ್ತಗೋ ಗಟ್ಟಿಯೋ ಅಂತ ರಕ್ತಕೋಶಕ್ಕೆ ನಿಜವಾಗಿ ಗೊತ್ತಾಗುತ್ತದಾ?

ಲ್ಯಾಬ್ ಗೆಳತಿ: ಖಂಡಿತ ಗೊತ್ತಾಗುತ್ತದೆ ಅಕ್ಕ. ನನ್ನ ಕೆಲಸವೇ ಇದು. ಬೆಳೆಯುವ ಕೋಶ ಇಂಟೆಗ್ರಿನ್ ಎಂಬ ಪ್ರೋಟೀನಿನಿಂದ ಸುತ್ತಲಿನ ನಾರನ್ನು ಹಿಡಿಯುತ್ತದೆ. ಕೋಶದೊಳಗಿನ ಮಯೋಸಿನ್ ಎಂಬ ಪ್ರೋಟೀನ್ ಅದನ್ನು ಎಳೆಯುತ್ತದೆ. ನಾರು ಎಷ್ಟು ಬಗ್ಗಿತು ಅನ್ನುವುದೇ ಅದಕ್ಕೆ ಸುದ್ದಿ. ಇನ್ನೊಂದು ದಾರಿಯೂ ಇದೆ: ಪೀಜೋ1, ಕೋಶದ ಪೊರೆಯಲ್ಲಿರುವ ಬಾಗಿಲಿನಂಥ ಪ್ರೋಟೀನ್. ಪೊರೆ ಹಿಗ್ಗಿದಾಗ ಅದು ತೆರೆದು ಕ್ಯಾಲ್ಸಿಯಂ ಒಳಗೆ ಬಿಡುತ್ತದೆ. 2010ರಲ್ಲಿ ವಿಜ್ಞಾನಿ ಆರ್ಡೆಮ್ ಪಟಪೂಟಿಯನ್ ತಂಡ ಗುರುತಿಸಿದ್ದು. 2021ರ ನೊಬೆಲ್‌ನಲ್ಲಿ ಅವರಿಗೂ ಪಾಲು ಸಿಕ್ಕಿತು.

ನನಗೆ ತುಂಬಾ ಇಷ್ಟವಾದ ಕೋಶ ಮೆಗಾಕ್ಯಾರಿಯೋಸೈಟ್. ಮಜ್ಜೆಯಲ್ಲೇ ಕೂತು, ರಕ್ತನಾಳದ ಗೋಡೆ ತೂರಿ ಉದ್ದನೆಯ ಎಳೆ ಚಾಚುತ್ತದೆ. ಹರಿಯುವ ರಕ್ತ ಆ ಎಳೆಯನ್ನು ಜಗ್ಗಿ ತುಂಡರಿಸುತ್ತದೆ. ಆ ತುಂಡುಗಳೇ ಪ್ಲೇಟ್‌ಲೆಟ್! ಆದರೆ ಟೈಪ್ 1 ಕೊಲಾಜನ್ ಎಂಬ ನಾರಿನ ಪ್ರೋಟೀನ್ ತಾಗಿದರೆ ಎಳೆ ಚಾಚುವುದಕ್ಕೆ ತಡೆಯಾಗುತ್ತದೆ. ಅಮ್ಮನ ಮಜ್ಜೆಯಲ್ಲಿ ಕೊಲಾಜನ್ ಜಾಸ್ತಿಯಾಗಿರಬಹುದು, ಅಲ್ವಾ.

ಹಾಸನದ ಮಗಳು: ಹಾಗಾದರೆ ಕಾಯಿಲೆಯ ಮೂಲ ಈ ನಾರೇನಾ?

ವೈದ್ಯ ವಿದ್ಯಾರ್ಥಿ: ಅಲ್ಲ ಮೇಡಂ. ಮೊದಲು ಕೆಡುವುದು ರಕ್ತದ ಮೂಲಕೋಶ. ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಜಾಕ್2 ಜೀನ್ ಬದಲಾಗಿರುತ್ತದೆ. ಕೆಟ್ಟ ಮೆಗಾಕ್ಯಾರಿಯೋಸೈಟ್‌ಗಳು ಟಿಜಿಎಫ್-ಬೀಟಾ ಎಂಬ ಸಂಕೇತ ಪ್ರೋಟೀನ್ ಬಿಡುತ್ತವೆ, ಅದರಿಂದ ಪಕ್ಕದ ಕೋಶಗಳು ನಾರು ಹೆಣೆಯುತ್ತವೆ. ಆಮೇಲೆ ರಕ್ತದ ತಯಾರಿ ಗುಲ್ಮದಲ್ಲೂ (ಸ್ಪ್ಲೀನ್) ಶುರುವಾಗುತ್ತದೆ, ಅದು ಊದಿಕೊಳ್ಳುತ್ತದೆ. ರುಕ್ಸೋಲಿಟಿನಿಬ್ ಮಾತ್ರೆ ಗುಲ್ಮವನ್ನು ಕುಗ್ಗಿಸುತ್ತದೆ. ನಾರನ್ನು ಅಷ್ಟಾಗಿ ಕರಗಿಸುವುದಿಲ್ಲ. ಅಮ್ಮನ ಜಾಕ್2 ರಿಪೋರ್ಟ್ ಬಂತಾ?